ಎಲ್ಲಪ್ಪ ಕೂರುತ್ತಿದ್ದ ಚಪ್ಪಡಿ

ಎಲ್ಲಪ್ಪ,

ನೀನು ಕೂರುತ್ತಿದ್ದ ಚಪ್ಪಡಿಯನ್ನು ಇವತ್ತು ಬೆಳಿಗ್ಗೆ ಎತ್ತಿಸಿದೆ.

ನಿನ್ನನ್ನು ಕೆಲಸದಿಂದ ಬಿಡಿಸಿದ ಮೇಲೆ ಮಾಲೂರಿನ ನಮ್ಮ ಹನ್ನೆರಡು ಬಾಡಿಗೆ ಮನೆಗಳನ್ನು ನೋಡಿಕೊಳ್ಳಲು ಬೆಂಗಳೂರಿನ ಕಂಪನಿಯೊಂದಕ್ಕೆ ವಹಿಸಿದೆ. ಅಂದಿನಿಂದ ಹಿಂದಿನ ಸಾಲಿನ ನಾಲ್ಕು ಮನೆಗೆ ನೀರೇ ಹತ್ತಲಿಲ್ಲ. ದೂರು ಕೊಟ್ಟರೆ ಮೊಬೈಲಿಗೆ ಒಂದು ನಂಬರು ಬರುತ್ತಿತ್ತು, ಅಷ್ಟೇ. ಇವತ್ತು ಕಂಪನಿಯವರು ಪೈಪು ನೋಡಲು ಅಂಗಳವನ್ನೆಲ್ಲ ಅಗೆಯುತ್ತೇವೆ ಎಂದಾಗ ನಾನೇ ಹೋದೆ. ಹಿಂದಿನ ಮನೆಯ ಬಚ್ಚಮ್ಮ ನಿನ್ನ ಚಪ್ಪಡಿ ತೋರಿಸಿದಳು. ಅದರ ಕೆಳಗೆ ವಾಲ್ವ್ ಇತ್ತು, ನಿನ್ನ ಹಳೇ ಟವೆಲ್ ಸುತ್ತಿಕೊಂಡು.

"ಬೋರು ಓಡೋವರ್ಗೂ ಆವಯ್ಯ ಇಲ್ಲೇ ಕೂತಿರ್ತಿದ್ದ. ಅರ್ಧ ಗಂಟೆಗೊಂದ್ ಸಲ ತಿರುಗ್ಸಿ ಎಲ್ಲಾ ಮನೆಗೂ ಸಮ ನೀರು ಬಿಡ್ತಿದ್ದ. ನಿಮ್ಗೆ ಗೊತ್ತಿಲ್ವೇನಮ್ಮಾ? ಕಂಪನಿಯೋರಿಗೂ ಹೇಳಿದ್ವಿ, ಫೋಟೋ ಕಳ್ಸಿ ಅಂದ್ರು."

"ಮೂರು ಹೊತ್ತೂ ಕಲ್ಲಿನ ಮೇಲೆ ಕೂತಿರೋಕೆ ನಿಂಗೆ ಸಂಬಳ ಬೇರೆ ಕೇಡು" ಎಂದು ಅವತ್ತು ನಾನು ಎಲ್ಲರೆದುರು ಅಂದಾಗ ನೀನು ವಾಲ್ವಿನ ಮಾತೇ ಎತ್ತಲಿಲ್ಲ. ಕೀ ಗೊಂಚಲು ಇಟ್ಟು, "ಬರ್ತೀನಮ್ಮ" ಎಂದು ಹೊರಟೆ. ಅಷ್ಟೊಂದು ಸೊಕ್ಕು ಯಾಕೆ ಬೇಕಿತ್ತು ನಿನಗೆ? ನಿನ್ನೂರು ತಾಯಲೂರಿನಿಂದ ನೀನು ಹೋದ ಸುದ್ದಿ ಬಂದ ದಿನ ನನಗೇನೋ ಕೆಲಸವಿತ್ತು, ನಿನ್ನ ಮಣ್ಣಿಗೆ ಬರಲಿಲ್ಲ. ಏನು ಕೆಲಸವೋ ಈಗ ನೆನಪಿಲ್ಲ.

ಹೊರಡುವಾಗ ಕಂಪನಿಯ ಮೇಲ್ವಿಚಾರಕ ಹತ್ತಿರ ಬಂದ.

"ಮೇಡಂ, ಬೋರು ಓಡೋವಾಗ ಒಬ್ರು ಇಲ್ಲೇ ಕೂತಿರ್ಬೇಕಾಗುತ್ತೆ. ನಮ್ ಕಡೆಯೋರು ಅಷ್ಟು ಹೊತ್ತು ಕೂರಲ್ಲ. ನಿಮ್ಮೋರು ಅಂತ ಯಾರಾದ್ರೂ ಇದಾರಾ?"

ನಮ್ಮೋರು ಯಾರೂ ಇಲ್ಲ ಎಂದೆ.