ಬೇರು ನಂಬಿದವರು ಎದ್ದರು

೧೯, ಶುಕ್ರವಾರ

ಅಮ್ಮ ಇವತ್ತೂ ಬಿ.ಪಿ. ಮಾತ್ರೆ ನುಂಗಲಿಲ್ಲ. ನಾಲ್ಕು ದಿನವಾಯಿತು, ಬೆಳಿಗ್ಗೆ ನೂರೆಂಬತ್ತು ದಾಟಿತ್ತು. ಬೇರಿನ ಪುಡಿ ಮಾರುವವನ ಕರಪತ್ರ ಅವಳ ದಿಂಬಿನಡಿಯಲ್ಲಿದೆ: "ಮಾತ್ರೆ ನಂಬಿದವರು ಮಲಗಿದರು, ಬೇರು ನಂಬಿದವರು ಎದ್ದರು. ಮಾತ್ರೆ ನಂಬಿದವರು ಅತ್ತರು, ಬೇರು ನಂಬಿದವರು ನಕ್ಕರು."

ಇಪ್ಪತ್ತೆರಡು ವರ್ಷ ತರಗತಿಯಲ್ಲಿ ಮಾತಿನ ಇಂಥ ಅಲಂಕಾರಗಳನ್ನೇ ಪಾಠ ಮಾಡಿದವಳು ನಾನು. ಕೆಂಪು ಪೆನ್ನು ಹಿಡಿದು ಪಕ್ಕದಲ್ಲಿ ಕೂತೆ. ಇದು ಪುನರುಕ್ತಿ, ಇದು ವೈರುಧ್ಯ, ಒಂದೇ ಮಾತು ಮತ್ತೆ ಮತ್ತೆ ಬಿದ್ದರೆ ಕಿವಿಗೆ ನಿಜ ಅನ್ನಿಸಿಬಿಡುತ್ತದೆ, ಪುರಾವೆ ಮಾತ್ರ ಎಲ್ಲೂ ಇಲ್ಲ ಎಂದು ಗೆರೆ ಎಳೆದು ತೋರಿಸಿದೆ. ಅಮ್ಮ ಕನ್ನಡಕ ಏರಿಸಿಕೊಂಡು ಶ್ರದ್ಧೆಯಿಂದ ಕೇಳಿದಳು.

"ಅಬ್ಬಾ, ಎಷ್ಟು ಚೆನ್ನಾಗಿ ಬರ್ದಿದಾನೆ ಕಣೇ! ನೀನು ಹೇಳೋವರೆಗೂ ಗೊತ್ತೇ ಆಗಿರ್ಲಿಲ್ಲ."

ಸಂಜೆ ಪಕ್ಕದ ಮನೆಯಾಕೆಗೆ ಅದನ್ನು ಬಾಯಿಪಾಠ ಒಪ್ಪಿಸುತ್ತಿದ್ದಳು, ನಾನು ಗೆರೆ ಎಳೆದಲ್ಲೆಲ್ಲ ಒತ್ತಿ ಒತ್ತಿ. ಕಳ್ಳನ ಕೈಗೆ ಬೀಗದ ಕೈ ನಾನೇ ಕೊಟ್ಟೆ.

ಊಟವಾದ ಮೇಲೆ ಮಾತ್ರೆ, ನೀರಿನ ಲೋಟ ಹಿಡಿದು ಅವಳ ಮುಂದೆ ನಿಂತೆ. ಬೇರೆ ಮಾತೇ ಹೊಳೆಯಲಿಲ್ಲ.

"ಅಮ್ಮ, ತಗೋ. ತಗೋಮ್ಮ. ನನಗೋಸ್ಕರ ತಗೋ."

ಅಮ್ಮ ಮೊದಲ ಬೆಂಚಿನ ಹುಡುಗಿಯ ಹಾಗೆ ಬೆರಳೆತ್ತಿದಳು.

"ಪುನರುಕ್ತಿ!"

ಇಬ್ಬರೂ ನಕ್ಕೆವು. ಮಾತ್ರೆ ಇಲ್ಲೇ, ಈ ಪುಟದ ಮೇಲಿದೆ.