ತಂಪಿರಲಿಲ್ಲವೆಂದು ಹೇಳಿ

ಧಾರವಾಡ, ಶುಕ್ರವಾರ

ಪ್ರೀತಿಯ ಭೀಮಶಿ ಕಾಕಾ,

ನಿನ್ನೆ ಬೈಲಹೊಂಗಲದ ಆಸ್ಪತ್ರೆಯಲ್ಲಿ ಕಾಕುವಿನ ಎದುರು ಆಡಲಾಗದ ಮಾತನ್ನು ಬರೆಯುತ್ತಿದ್ದೇನೆ.

ಅವರ ಇನ್ಸುಲಿನ್ ಕೆಡದಿರಲೆಂದು ನಾನು ಕೊಟ್ಟಿದ್ದ, ನಮ್ಮ ಲ್ಯಾಬಿನಲ್ಲೇ ತಯಾರಾದ ತಂಪಿನ ಪೆಟ್ಟಿಗೆಯನ್ನು ಇಲ್ಲಿಗೆ ತಂದು ಬಿಚ್ಚಿದೆ. ಫ್ರಿಜ್ಜಿನಂತೆ ಅದರಲ್ಲಿ ಗ್ಯಾಸಿಲ್ಲ, ಮೋಟರಿಲ್ಲ. ವೋಲ್ಟೇಜ್ ಕೊಟ್ಟರೆ ಬಿಸಿಯಾಗಿ, ತೆಗೆದರೆ ತಣ್ಣಗಾಗುವ ಪಿಂಗಾಣಿ ಬಿಲ್ಲೆಗಳಷ್ಟೇ ಇವೆ. ಅವು ಬಿರುಕು ಬಿಟ್ಟಿವೆ.

ತಂಪು ಚೆನ್ನಾಗಿದೆ ತಾನೇ ಎಂದು ನಾನು ಫೋನಿನಲ್ಲಿ ಕೇಳಿದಾಗಲೆಲ್ಲ ನೀವು, "ಭಾರೀ ತಂಪ ಐತಿ ಬಿಡವಾ, ಸಿರಸಂಗಿಯೊಳಗ ಇಂಥಾದ್ದು ಯಾರ ಮನ್ಯಾಗೂ ಇಲ್ಲ" ಎಂದು ನಗುತ್ತಿದ್ದಿರಿ. ತಂಪು ಎಂದೋ ನಿಂತಿತ್ತೆಂದು ಕಾಕು ನಿನ್ನೆ ಹೇಳಿದರು. "ನಿನ್ನ ಮನಸ ನೋಯಬಾರದಂತ ಸುಮ್ಮನಿದ್ವಿ. ಕತ್ತಲಾಗ ಐತಲ್ಲ, ಔಷಧಕ್ಕ ಏನೂ ಆಗೂದಿಲ್ಲ ಅಂದ್ಕೊಂಡ್ವಿ." ಬೇರೆ ಉತ್ತರ ಕೊಡಲು ನಾನು ನಿಮಗೆ ಜಾಗವನ್ನಾದರೂ ಬಿಟ್ಟಿದ್ದೆನೇ?

ಕೆಟ್ಟ ಇನ್ಸುಲಿನ್‌ನಿಂದ ಸಕ್ಕರೆ ಏರಿ ಕೊಳೆತ ಅವರ ಪಾದವನ್ನು ಸೋಮವಾರ ಕತ್ತರಿಸಿ ತೆಗೆಯುತ್ತಾರೆ. ಆಮೇಲೆ ಲ್ಯಾಬಿನವರು ನಿಮ್ಮನ್ನು ವಿಚಾರಿಸಲು ಬರುತ್ತಾರೆ. "ನಾವ ಸೂಜಿ ತಪ್ಪಿಸಿದ್ವಿ ಅಂತ ಹೇಳತೇನಿ. ನಿನ್ನ ಕೆಲಸಕ್ಕ ಕುತ್ತು ಬರಬಾರದು" ಎಂದು ನೀವು ನಿನ್ನೆ ಹೇಳಿದಿರಿ. ಕಾಕು ಹೌದೆಂದು ತಲೆ ಆಡಿಸಿದರು.

ದಯವಿಟ್ಟು ಹಾಗೆ ಹೇಳಬೇಡಿ. ರಾಮದುರ್ಗದ ಮನೆಗಳಿಗೆ ಕೊಡಲು ಇಂಥವೇ ಪೆಟ್ಟಿಗೆಗಳು ಸಿದ್ಧವಾಗಿವೆ. ಬಿರುಕಿನ ಬಗ್ಗೆ ನಾನು ಲ್ಯಾಬಿಗೆ ಬರೆದುಕೊಟ್ಟಿದ್ದೇನೆ. ಆದರೆ ಸೂಜಿಯನ್ನೇ ತಪ್ಪಿಸಿದ್ದೆವೆಂದು ನೀವು ಹೇಳಿದರೆ ತಪ್ಪೆಲ್ಲ ಕಾಕುವಿನದಾಗುತ್ತದೆ, ಪೆಟ್ಟಿಗೆಗಳು ಹೊರಡುತ್ತವೆ.

ಹೇಳಲು ಬಾಯಿ ಬರದಿದ್ದರೆ ಈ ಪತ್ರವನ್ನೇ ಲ್ಯಾಬಿನವರ ಕೈಗೆ ಕೊಡಿ.

ನಿಮ್ಮ
ಪ್ರಜ್ಞಾ