ಎರಡು ದಿನ ನಿಂತ ಅಷ್ಟಮಿ

ಕಾಫಲ್‌ಡಾಂಡಾ
ಅಸೋಜ್ ೧

ಮೀತಿನಿಗೆ ತುಲಸಾಳ ನಮಸ್ಕಾರ.

ನೀವು ಕ್ಷೇಮವೆಂದು ನಂಬಿದ್ದೇನೆ. ನಮ್ಮ ಕ್ಷೇಮ ಕೇಳಬೇಡಿ, ಕೇಳಿದರೆ ಇನ್ನೆರಡು ಹಾಳೆ ಬೇಕಾದೀತು. ಟವರ್ ಬಿದ್ದು ಹತ್ತು ದಿನವಾಯಿತು, ಫೋನು ಬರೀ ಗಂಟೆ ನೋಡುವುದಕ್ಕೆ ಉಳಿದಿದೆ. ಈ ಕಾಗದವನ್ನು ಜಿಲ್ಲಾ ಲಸಿಕೆ ಉಗ್ರಾಣದಲ್ಲಿ ನಿಮ್ಮ ಕೈಗೇ ಕೊಡಬೇಕೆಂದು ಜೀಪಿನ ಡ್ರೈವರನಿಂದ ಆಣೆ ಮಾಡಿಸಿಕೊಂಡಿದ್ದೇನೆ. ಭಗವತಿಯ ಗುಡಿಯಲ್ಲಿ ಒಬ್ಬರ ಹಣೆಗೊಬ್ಬರು ಟೀಕಾ ಇಟ್ಟು ಮೀತಿನಿಯರಾಗಿ ಮೂವತ್ತು ವರ್ಷ, ಒಡಹುಟ್ಟಿದವರಿಗಿಂತ ಹೆಚ್ಚಾಗಿ ಬಾಳಿದ್ದೇವೆ. ಇಷ್ಟು ವರ್ಷದಲ್ಲಿ ನಿಮ್ಮ ಕೆಲಸದ ಜಾಗದಿಂದ ನಾನು ಏನನ್ನೂ ಕೇಳಿದವಳಲ್ಲ. ಈಗ ಕೇಳುತ್ತೇನೆ. ಹನ್ನೊಂದು ಮಕ್ಕಳಿಗೆ ದಡಾರದ ಲಸಿಕೆ ಬೇಕು, ನಾಡಿದ್ದೇ ಬೇಕು.

ನಾಡಿದ್ದು ಸಂವಿಧಾನ ದಿವಸ. ಅಂದೇ ನಮ್ಮ ವಾರ್ಡನ್ನು ‘ಪೂರ್ಣ ಲಸಿಕೆಯ ವಾರ್ಡ್’ ಎಂದು ಘೋಷಿಸುತ್ತಾರಂತೆ. ಶಾಲೆಯ ಬಯಲಿನಲ್ಲಿ ಬಾವುಟ, ಭಾಷಣ, ದೀಪ, ಬಂದವರಿಗೆಲ್ಲ ಎಣ್ಣೆಯಲ್ಲಿ ಕರಿದ ಸೇಲ್ ರೊಟ್ಟಿ, ಆಲೂಗಡ್ಡೆ ಪಲ್ಯ. ಘೋಷಣೆ ಆಗಿಬಿಟ್ಟರೆ ಉಳಿದವರು ಯಾರೂ ಇಲ್ಲವೆಂದೇ ಅರ್ಥ. ಆಮೇಲೆ ಈ ಹನ್ನೊಂದು ಮಕ್ಕಳನ್ನು ಹುಡುಕಿಕೊಂಡು ಯಾರು ಬರುತ್ತಾರೆ? ಹೊಳೆಯಾಚೆಯ ಊರಿನಲ್ಲಿ ಆಗಲೇ ಇಬ್ಬರು ಮಕ್ಕಳಿಗೆ ಮೈತುಂಬ ದಡಾರ ಎದ್ದಿದೆ, ಮೀತಿನಿ. ಅವರೂ ನಾವೂ ಹಿಟ್ಟು ಮಾಡಿಸುವುದು ಒಂದೇ ಗಿರಣಿಯಲ್ಲಿ.

ಮಕ್ಕಳು ಹೇಗೆ ಉಳಿದರು ಅಂತೀರಾ? ಕ್ಯಾಲೆಂಡರನ್ನೇ ಕೇಳಿ! ಪ್ರತಿ ತಿಂಗಳ ಹದಿನಾಲ್ಕಕ್ಕೆ ನಮ್ಮ ಶಾಲೆಯಲ್ಲಿ ಲಸಿಕೆ. ಅಸಾರ ತಿಂಗಳಲ್ಲಿ ಭತ್ತದ ನಾಟಿ, ಯಾರೂ ಗದ್ದೆ ಬಿಟ್ಟು ಬರಲಿಲ್ಲ. ಸಾವನದಲ್ಲಿ ಗುಡ್ಡ ಜರಿದು ದಾರಿಯೇ ಇರಲಿಲ್ಲ. ಭಾದ್ರದಲ್ಲಿ ಲಸಿಕೆ ಹಾಕುವ ಹುಡುಗಿ ತೀಜ್ ಹಬ್ಬಕ್ಕೆ ತವರಿಗೆ ಹೋದವಳು, ಹತ್ತೊಂಬತ್ತಕ್ಕೆ ಬರುತ್ತೇನೆಂದು ಹೇಳಿ ಕಳಿಸಿದಳು. ಅವಳನ್ನು ಬೈಯಲೂ ಮನಸ್ಸು ಬರುವುದಿಲ್ಲ, ಮದುವೆಯಾದ ಮೇಲಿನ ಮೊದಲ ತೀಜ್. ಮುಂದಿನ ಹದಿನಾಲ್ಕು ದಶೈಂ ಹಬ್ಬದ ನಟ್ಟನಡುವೆ ಬಿದ್ದಿದೆ. ಅಲ್ಲಿಗೆ ತಿಹಾರ್ ಹಬ್ಬ ಮುಗಿಯುವ ತನಕ ಮಾತೇ ಇಲ್ಲ. ಸರಕಾರಕ್ಕೆ ತಾರೀಖು, ದೇವರಿಗೆ ತಿಥಿ, ಆರೋಗ್ಯದವರ ದಿನಾಚರಣೆಗೆ ಇಂಗ್ಲಿಷ್ ತಿಂಗಳು. ಕೈತೊಳೆಯುವ ದಿನಕ್ಕೆ ಬ್ಯಾನರ್ ಬರುತ್ತದೆ, ಸೋಪು ಬರುವುದಿಲ್ಲ! ಇಷ್ಟರ ಮಧ್ಯೆ ನನ್ನಂಥ ಸ್ವಯಂಸೇವಕಿ ಮಂಡಿನೋವು ಕಟ್ಟಿಕೊಂಡು ಮನೆಮನೆ ಹತ್ತಿ ಇಳಿಯಬೇಕು.

ಸರಿ, ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಮಾಡಲಿ. ತಪ್ಪು ಕ್ಯಾಲೆಂಡರಿನದಲ್ಲ, ನನ್ನದು. ಭಾದ್ರದ ಹನ್ನೆರಡನೇ ತಾರೀಖು ಋಷಿ ಪಂಚಮಿ. ಊರ ಹೆಂಗಸರೆಲ್ಲ ವ್ರತದ ಹಲ್ಲುಕಡ್ಡಿಗಳ ಕಟ್ಟು ಹಿಡಿದು ಹೊಳೆಯಲ್ಲಿ ಮೀಯುತ್ತಿದ್ದರು. ಇದಕ್ಕಿಂತ ಒಳ್ಳೆಯ ಸಭೆ ಎಲ್ಲಿ ಸಿಕ್ಕೀತು ಎಂದು ಬಂಡೆ ಹತ್ತಿ ನಿಂತೆ. ಹತ್ತೊಂಬತ್ತು ಎಂದರೆ ಇವರ ತಲೆಯಲ್ಲಿ ನಿಲ್ಲುವುದಿಲ್ಲ, ತಿಥಿ ಎಂದರೆ ಯಾರೂ ಮರೆಯುವುದಿಲ್ಲ. ಅದಕ್ಕೆ ಅಲ್ಲೇ ಬೆರಳು ಮಡಿಚಿ ಎಣಿಸಿ, ‘ಏಕಾದಶಿ ಉಪವಾಸ ಮುಗ್ಸಿ ದ್ವಾದಶಿ ದಿನ ಮಕ್ಕಳ್ನ ಎತ್ಕೊಂಡು ಸ್ಕೂಲಿಗೆ ಬನ್ರೇ’ ಎಂದು ಕೂಗಿದೆ. ಪಂಚಾಂಗ ನೋಡಲಿಲ್ಲ. ಈ ಸಲ ಅಷ್ಟಮಿ ಎರಡು ದಿನ ನಿಂತಿತ್ತು. ಹತ್ತೊಂಬತ್ತಕ್ಕೆ ಬಿದ್ದದ್ದು ಏಕಾದಶಿ, ದ್ವಾದಶಿ ಇಪ್ಪತ್ತಕ್ಕೆ.

ಹತ್ತೊಂಬತ್ತರ ಬೆಳಗ್ಗೆ ನಮ್ಮ ಅತ್ತೆ, ‘ಇವತ್ತು ನಂಗೆ ಅನ್ನ ಇಡ್ಬೇಡ ಕಣೇ, ಏಕಾದಶಿ’ ಎಂದರು. ಆಗಲಾದರೂ ನನ್ನ ಮಂದಬುದ್ಧಿಗೆ ಹೊಳೆಯಬೇಕಿತ್ತೋ ಬೇಡವೋ? ಅವರಿಗೆ ಗೆಣಸು ಬೇಯಿಸಿಟ್ಟು, ಮೊಮ್ಮಗನನ್ನು ಬೆನ್ನಿಗೆ ಕಟ್ಟಿಕೊಂಡು ಶಾಲೆಗೆ ಹೊರಟುಬಿಟ್ಟೆ. ಹುಡುಗಿ ಸೀಸೆ ತೆರೆದು ಅವನಿಗೆ ಚುಚ್ಚಿದಳು. ಹತ್ತು ಮಕ್ಕಳಿಗಾಗುವ ಸೀಸೆ ಅದು. ಮೂರು ಗಂಟೆಯ ತನಕ ಕಾದೆವು, ಒಂದು ನರಪಿಳ್ಳೆಯೂ ಬರಲಿಲ್ಲ. ರಾಗಿಯ ಕಳೆ ಕೀಳಲು ಹೋಗಿರಬೇಕು, ಇವರಿಗೆ ಮಕ್ಕಳಿಗಿಂತ ಹೊಲವೇ ಹೆಚ್ಚು ಎಂದು ಹೆಂಗಸರನ್ನು ನಾನೇ ಬೈದೆ. ತೆರೆದ ಸೀಸೆಯನ್ನು ಮರುದಿನಕ್ಕೆ ಇಡುವಂತಿಲ್ಲ. ಉಳಿದ ಒಂಬತ್ತು ಮಕ್ಕಳ ಪಾಲು ನನ್ನ ಕಣ್ಣೆದುರೇ ಹಾಳಾಯಿತು.

ಮರುದಿನ ಹನ್ನೊಂದು ತಾಯಂದಿರು ಮಳೆಯಲ್ಲಿ ಎರಡು ತಾಸು ಇಳಿದು ಬಂದರು. ಶಾಲೆಗೆ ಬೀಗ. ಎಲ್ಲರೂ ನನ್ನ ಅಂಗಳಕ್ಕೆ ಬಂದು ನಿಂತರು. ಮೇಲುಕೇರಿಯ ಮನಸರಾ, ಮೂರು ಹೆಣ್ಣಿನ ಮೇಲೆ ಹುಟ್ಟಿದ ಮಗನನ್ನು ಶಾಲಿನಲ್ಲಿ ಸುತ್ತಿಕೊಂಡಿದ್ದಳು. ಊದಿದ್ದ ನನ್ನ ಮೊಮ್ಮಗನ ತೋಳು ನೋಡಿ, ‘ನಿಮ್ಮೊಮ್ಮಗಂಗೆ ಮಾತ್ರ ತಿಥಿ ಸರಿಯಾಗಿ ಗೊತ್ತಿತ್ತಾ ದಿದಿ?’ ಎಂದಳು. ನಾನೇನು ಹೇಳಿದೆ ಗೊತ್ತೇ? ‘ಆ ಹುಡುಗೀನೇ ದಿನ ತಪ್ಪಿಸಿದ್ಳು, ನಾನೇನ್ ಮಾಡ್ಲಿ’ ಎಂದೆ. ತೀಜ್ ಮುಗಿಸಿ ಓಡೋಡಿ ಬಂದ ಹುಡುಗಿಯ ಮೇಲೆ ಹಾಕಿದೆ. ಥೂ, ನನಗೇ ಅಸಹ್ಯವಾಗುತ್ತದೆ.

ಆಮೇಲೆ ವಾರ್ಡ್ ಅಧ್ಯಕ್ಷ ಟೀಕಾರಾಮರ ಬಳಿ ಹೋಗಿ, ಹನ್ನೊಂದು ಮಕ್ಕಳು ಬಾಕಿ ಇದ್ದಾರೆ, ಘೋಷಣೆ ಮುಂದಕ್ಕೆ ಹಾಕಿ ಎಂದೆ. ‘ಅಷ್ಟು ಮಕ್ಕಳಲ್ಲಿ ಹನ್ನೊಂದು ಏನ್ ಮಹಾ ತುಲಸಾಜೀ? ತಿಹಾರ್ ಮುಗೀಲಿ, ಹಾಕ್ಸೋಣ. ಊರಿಗೆ ಹೆಸ್ರು ಬರೋ ಹೊತ್ನಲ್ಲಿ ಅಪಶಕುನ ನುಡೀಬೇಡಿ’ ಎಂದರು. ನಾನು ಬಿಡಲಿಲ್ಲ. ಆಗ ಕನ್ನಡಕ ತೆಗೆದು, ‘ಯಾಕೆ ಉಳ್ಕೊಂಡ್ರು ಅಂತ ಮೇಲಿನೋರು ಕೇಳ್ತಾರೆ. ಏನಂತ ಬರೀಲಿ? ನೀವೇ ಹೇಳಿ’ ಎಂದರು. ಅವರಿಗೆ ಗೊತ್ತಿದೆ, ಮೀತಿನಿ. ಅಂದು ಹೊಳೆಯಲ್ಲಿ ಅವರ ಹೆಂಡತಿಯೂ ಮೀಯುತ್ತಿದ್ದರು. ಇಪ್ಪತ್ತೆರಡು ವರ್ಷ ಸಂಬಳವಿಲ್ಲದೆ ದುಡಿದು ನಾನು ಗಳಿಸಿದ್ದು ‘ತುಲಸಾ ಹೇಳಿದರೆ ಸರಿ’ ಎನ್ನುವ ಒಂದೇ ಮಾತು. ಅದನ್ನು ಮುರಿದು ಕೈಗೆ ಕೊಡುತ್ತೇನೆ ಎಂದು ಅವರು ನಗುನಗುತ್ತಲೇ ಹೇಳಿದ ಹಾಗಾಯಿತು. ನನಗೆ ರೋಸಿಹೋಗಿದೆ. ಅವರ ಮೇಲೂ, ನನ್ನ ಮೇಲೂ.

ಈಗ ನನ್ನ ಉಪಾಯ ಕೇಳಿ. ದೀಪ, ರೊಟ್ಟಿ ಎಂದರೆ ನಾಡಿದ್ದು ಹನ್ನೊಂದು ತಾಯಂದಿರೂ ಮಕ್ಕಳನ್ನು ಎತ್ತಿಕೊಂಡು ಬಯಲಿಗೆ ಬಂದೇ ಬರುತ್ತಾರೆ. ಅವರನ್ನು ನಾನು ಕರೆಯಬೇಕಾಗಿಲ್ಲ, ಎಣಿಸಬೇಕಾಗಿಲ್ಲ. ಎರಡು ಸೀಸೆ, ಮಂಜುಗಡ್ಡೆಯ ಡಬ್ಬಿ, ಚುಚ್ಚುವವರು ಒಬ್ಬರು ಬಂದರೆ ಸಾಕು. ಜೀಪು ನಿಲ್ಲುವ ಕಡೆಗೆ ನಾನೇ ಇಳಿದು ಬಂದು ಡಬ್ಬಿ ಹೊತ್ತು ಹತ್ತುತ್ತೇನೆ, ಮಂಡಿ ಹಾಳಾಗಿ ಹೋಗಲಿ. ಬರೆದು ಕೊಡದೆ ಉಗ್ರಾಣದಿಂದ ಹುಲ್ಲುಕಡ್ಡಿಯೂ ಹೊರಗೆ ಬಾರದು ಎನ್ನುವವರು ನೀವು, ಇಗೋ ಬರೆದು ಕೊಟ್ಟಿದ್ದೇನೆ. ಹೆಸರುಗಳೆಲ್ಲ ಹಾಳೆಯ ಹಿಂಬದಿಯಲ್ಲಿವೆ. ಮೊದಲನೆಯದು ಮನಸರಾಳ ಮಗನದು.

ಭಗವತಿ ನಿಮ್ಮನ್ನು ಚೆನ್ನಾಗಿಟ್ಟಿರಲಿ. ಸಿಟ್ಟಿನಲ್ಲಿ ಬರೆದದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಮೀತಿನಿ
ತುಲಸಾ

ಮರೆತು ಬಿಟ್ಟ ಮಾತಲ್ಲ, ಮೇಲೆ ಬರೆಯಲು ಕೈಯೇ ಬರಲಿಲ್ಲ: ‘ಲಸಿಕೆ ಆಗದ ಮಗು ಒಂದೂ ಇಲ್ಲ’ ಎನ್ನುವ ಕಾಗದ ಇದಕ್ಕಿಂತ ಮೊದಲೇ ನಿಮ್ಮ ಕಚೇರಿಗೆ ಬಂದಿರುತ್ತದೆ. ಕೆಳಗೆ ಇರುವುದು ನನ್ನದೇ ಸಹಿ. ಟೀಕಾರಾಮರು ಕನ್ನಡಕ ತೆಗೆದ ದಿನವೇ ಹಾಕಿ ಬಂದೆ, ಯಾರೂ ನನ್ನ ಕೈ ಹಿಡಿದು ಹಾಕಿಸಲಿಲ್ಲ. ಅದನ್ನು ನೋಡಿ ಡಬ್ಬಿ ತಡೆಯಬೇಡಿ. ಬಯಲಿನಲ್ಲಿ ಮಕ್ಕಳಿಗೆ ಚುಚ್ಚುವಾಗ ಸುಳ್ಳು ಯಾರದೆಂದು ಊರಿಗೆಲ್ಲ ಗೊತ್ತಾಗುತ್ತದೆ, ಆಗಲಿ. ಆ ಕಾಗದವನ್ನೂ ಡಬ್ಬಿಯ ಜೊತೆಗೇ ಕಳಿಸಿ. ಹನ್ನೊಂದನೆಯ ಮಗುವಿಗೆ ಚುಚ್ಚಿದ ಮೇಲೆ ಮನಸರಾಳ ಎದುರು ನಿಂತು ನನ್ನ ಸಹಿಯನ್ನು ನಾನೇ ಹೊಡೆದು ಹಾಕುತ್ತೇನೆ.